ವರ್ಗದ ಚೀಟಿ

ಬೀರಂತಬೈಲಿನ ಸಭೆಯ ಕಪಾಟಿಗೆ ಎರಡು ಬೀಗ.
ಒಂದರ ಕೀಲಿ ಸಭಾಪಾಲಕರ ಹತ್ತಿರ,
ಇನ್ನೊಂದು ಕಳೆದು ಹನ್ನೊಂದು ವರ್ಷ;
ಅದನ್ನು ತೆರೆಯುವುದು ಹಳೆ ಕೊಡೆಯ ಕಡ್ಡಿಯಿಂದ.
ಒಳಗೆ ರಿಜಿಸ್ಟರು. ಗೆದ್ದಲು ಅಂಚು ತಿಂದಿದೆ,
ಹೆಸರುಗಳನ್ನು ಬಿಟ್ಟಿದೆ, ರುಚಿಸಲಿಲ್ಲವೋ ಏನೋ.

ಮೂವತ್ತನಾಲ್ಕು ವರ್ಷ ಅಂಚೆ ಕಚೇರಿಯ ಹಿಂದಿನ ಕೋಣೆಯಲ್ಲಿ
ಇಲ್ಲದವರ ಕಾಗದಕ್ಕೆ ಮೊಹರು ಹೊಡೆದವಳು ನಾನು:
ವಿಳಾಸದಾರರು ಊರು ಬಿಟ್ಟಿದ್ದಾರೆ, ಎಲ್ಲಿಗೆಂದು ತಿಳಿಯದು.
ಈಗ ನಿವೃತ್ತಿ.
ಈಗ ನನ್ನವರನ್ನೇ ಹುಡುಕುವ ಸರದಿ.

ಸಾವಿರದ ಎಂಟುನೂರ ಅರವತ್ತೆಂಟು, ಮುಲ್ಕಿ.
ಜರ್ಮನ್ ಪಾದ್ರಿಯ ಕನ್ನಡ, ಒತ್ತಕ್ಷರಗಳೆಲ್ಲ
ಬೂಟು ಹಾಕಿಕೊಂಡು ಸಾಲಾಗಿ ನಿಂತ ಹಾಗೆ:
'ತ್ಯಾಂಪ, ಕಳ್ಳು ಇಳಿಸುವವ, ಪ್ರಾಯ ಇಪ್ಪತ್ತಾರು,
ಇಂದಿನಿಂದ ಎಲೀಯ.'
ಅಜ್ಜನ ಅಜ್ಜ ಮರದಿಂದ ಇಳಿದದ್ದು
ಇಷ್ಟೇ ಇಷ್ಟು ಶಾಯಿಯಲ್ಲಿ.
ಕತ್ತಿಯನ್ನು ಯಾರಿಗೆ ಕೊಟ್ಟ, ಮಡಕೆ ಎಲ್ಲಿ ಕವುಚಿಟ್ಟ,
ಅವನ ಅಬ್ಬೆ ಎಷ್ಟು ದಿನ ಉಣ್ಣಲಿಲ್ಲ,
ಬರೆದಿಲ್ಲ.

ಆಮೇಲೆ ಬರೇ ಚೀಟಿಗಳು. ಸಭೆಯಿಂದ ಸಭೆಗೆ
ಸೊಂಟಕ್ಕೆ ಸಿಕ್ಕಿಸಿ, ಬೆವರಿಗೆ ತೊಯ್ದು, ನಡೆದ ಚೀಟಿಗಳು:
'ಇದನ್ನು ತರುವ ಎಲೀಯನು ನಮ್ಮಲ್ಲಿ ಸಾಲ ಉಳಿಸಿಲ್ಲ.
ನಡತೆ ಸಮ. ಮಗ್ಗ ಬಲ್ಲ.
ಇವನನ್ನು ನಿಮ್ಮವನೆಂದು ಎಣಿಸಿರಿ.'
ಮುಲ್ಕಿಯಿಂದ ಮಂಗಳೂರು, ನೇಯ್ಗೆ.
ಮಂಗಳೂರಿಂದ ಕಣ್ಣೂರು, ನೇಯ್ಗೆ; ಎರಡು ಮಕ್ಕಳನ್ನು ಮಣ್ಣಿಗಿಟ್ಟದ್ದು.
ಕಣ್ಣೂರಿಂದ ಹಿಂದಕ್ಕೆ, ಚಂದ್ರಗಿರಿ ಹೊಳೆ ದಾಟಿ, ಇಲ್ಲಿಗೆ.
ಯಾಕೆ ಹಿಂದಕ್ಕೆ? ಕಾರಣಕ್ಕೆ ಕಾಲಂ ಇಲ್ಲ.
ದೋಣಿಯವ ಕೇಳಿರಬಹುದು, ಓಡೆಗ್ ಎಂದು.
ದೋಣಿಯವರು ರಿಜಿಸ್ಟರು ಇಡುವುದಿಲ್ಲ.

(ಐವತ್ತಾರರಲ್ಲಿ ನಾವು ಎಲ್ಲಿಗೂ ಹೋಗಲಿಲ್ಲ.
ಗಡಿಯೇ ವರ್ಗವಾಗಿ ಬಂತು,
ನಡತೆಯ ಚೀಟಿ ತರದೆ.)

ಮೂರನೇ ದಿನ ಸಿಕ್ಕಿದಳು ಲುದ್ಯ.
ಎಲೀಯನ ಕೊನೆಯ ಮಗಳು. ನಮ್ಮ ಮನೆಯಲ್ಲಿ
ಯಾರ ಬಾಯಲ್ಲೂ ಕೇಳದ ಹೆಸರು.
ಕೆಂಪು ಶಾಯಿ, ಗಟ್ಟಿ ಒತ್ತಿ ಬರೆದದ್ದು,
ಹಿಂದಿನ ಪುಟದಲ್ಲೂ ಬೆರಳಿಗೆ ಸಿಗುತ್ತದೆ:
'ಕೋಲದ ರಾತ್ರಿ ಹೋಗಿ ಗಂಧ ತೆಗೆದುಕೊಂಡಳು.
ಕರೆದು ಕೇಳಲಾಗಿ, ಪಶ್ಚಾತ್ತಾಪವಿಲ್ಲ.
ಸಭೆಯಿಂದ ಹೊರಗೆ.'

ಹೊರಗೆ ಅಂದರೆ ಯಾವ ಊರು?
ಮೊಗ್ರಾಲೋ, ಕಳನಾಡೋ, ಘಟ್ಟದ ಮೇಲೋ?
ಪಿನ್‌ಕೋಡುಗಳೆಲ್ಲ ನನಗೆ ಬಾಯಿಪಾಠ, ಇದೊಂದು ಬಾರದು.
ಹೊರಗೆ ಹೋದವರಿಗೆ ಚೀಟಿ ಬರೆಯುವುದಿಲ್ಲ,
ಮುಂದಿನ ಪುಟ ಅವರನ್ನು ಎಣಿಸುವುದಿಲ್ಲ.
ಅವಳ ಮುಂದೆ ಮದುವೆ ಇಲ್ಲ, ಮಕ್ಕಳಿಲ್ಲ,
ಮರಣವೂ ಇಲ್ಲ; ಲೆಕ್ಕದ ಪ್ರಕಾರ
ಇನ್ನೂ ನಡೆಯುತ್ತಲೇ ಇದ್ದಾಳೆ.

ನನ್ನಮ್ಮ ಪ್ರಾರ್ಥನೆಗೆ ಮುಂಚೆ
ಹುಬ್ಬುಗಳ ನಡುವೆ ಹೆಬ್ಬೆರಳೊತ್ತಿ ಒಂದು ಗಳಿಗೆ ಸುಮ್ಮನಿರುತ್ತಿದ್ದಳು,
ಏನನ್ನೋ ಹಚ್ಚಿಕೊಂಡ ಹಾಗೆ, ಹಚ್ಚಿಕೊಳ್ಳದ ಹಾಗೆ.
ತಲೆನೋವಾ ಎಂದರೆ, ಅಲ್ಲ, ಅಭ್ಯಾಸ.
ಯಾರದ್ದು ಎಂದು ಕೇಳಬೇಕಿತ್ತು.
ಕೇಳಲಿಲ್ಲ. ಆಗ ನನಗೆ ಬಸ್ಸಿನ ಹೊತ್ತು.

ಕಪಾಟು ಮುಚ್ಚಿದೆ. ಕೊಡೆಯ ಕಡ್ಡಿಯನ್ನು
ಸಭಾಪಾಲಕರು ಜಾಗ್ರತೆಯಿಂದ ಅದರ ಮೊಳೆಗೆ ತೂಗಿದರು.
ನೆಲ್ಲಿಕುಂಜೆಯ ಅಂಗಡಿಯಲ್ಲಿ ಕುಳಿತು,
ಚಹಾ ಆರುವ ತನಕ,
ಒಂದು ಪೋಸ್ಟ್ ಕಾರ್ಡು ಬರೆದೆ:

'ಯಾವ ಸಭೆಗಾದರೂ.
ಇದನ್ನು ತರುವ ಲುದ್ಯ ನಮ್ಮಲ್ಲಿ ಸಾಲ ಉಳಿಸಿಲ್ಲ;
ಉಳಿಸಿಕೊಂಡವರು ನಾವು.
ನಡತೆ ಸಮ. ಮಗ್ಗ ಬಲ್ಲಳು.
ಇವಳನ್ನು ನಿಮ್ಮವಳೆಂದು ಎಣಿಸಿರಿ.'

ವಿಳಾಸದ ಜಾಗದಲ್ಲಿ ಅವಳ ಹೆಸರು, ಕೆಳಗೆ 'ಹೊರಗೆ'.
ಡಬ್ಬಿಗೆ ಹಾಕಿದೆ.

ನನ್ನ ಕುರ್ಚಿಗೆ ಬಂದ ಹುಡುಗಿ ಶಮೀಲಾ ಚುರುಕು,
ನಾಳೆಯೇ ಮೊಹರು ಹೊಡೆಯುತ್ತಾಳೆ.
ವಿಳಾಸ ಸಿಗದ್ದು ಎಲ್ಲಿಗೆ ಮರಳಬೇಕೆಂದು
ಅವಳಿಗೆ ಕಲಿಸಿದ್ದು ನಾನೇ.
ಎಡಗಡೆ, ಕಳುಹಿಸಿದವರ ಜಾಗದಲ್ಲಿ,
ನನ್ನ ಮನೆಯ ನಂಬರು, ಓಣಿ, ಊರು
ದೊಡ್ಡ ಅಕ್ಷರದಲ್ಲಿ, ಬಿಡಿಸಿ ಬರೆದಿದ್ದೇನೆ.